ಡಿಜಿ ಸೆಟ್‌ನಲ್ಲಿರೋ ‘ಡಿ’ ಯಾರು?

ಕಳೆದ ಮಳೆಗಾಲ. ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಯ್ತು. ಹಿಂದಿನ ಶೆಡ್‌ನಲ್ಲಿ ಡಿಜಿ ಸೆಟ್ ಗುಡುಗುಡು ಅಂದಾಗ ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಲೋಡ್ ಬಿದ್ದ ಕೂಡಲೇ ಅದು ಕೆಮ್ಮಿ ನಿಂತೇಹೋಯ್ತು. ವಾರವಾರ ಟೆಸ್ಟ್ ಮಾಡ್ತಿದ್ದರಂತೆ, ಆದ್ರೆ ಲೋಡ್ ಇಲ್ಲದೆ ಐದು ನಿಮಿಷ ಮಾತ್ರ. ಮೊಬೈಲ್ ಟಾರ್ಚ್‌ನಲ್ಲಿ ಓದುತ್ತಾ, ಡಿಜಿಯ ‘ಡಿ’ ಆಗಿರುವ ಮನುಷ್ಯನ ಕಥೆ ಹುಡುಕಿದ್ವಿ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನ್ ಮೂಲದವರು. 1870ರಲ್ಲಿ ಫ್ರಾನ್ಸ್‌ಗೂ ಜರ್ಮನ್ನರಿಗೂ ಯುದ್ಧ ಶುರುವಾದಾಗ ಕುಟುಂಬ ಲಂಡನ್‌ಗೆ ಓಡಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಇಂಜಿನಿಯರಿಂಗ್ ಓದುವಾಗ ಟೈಫಾಯ್ಡ್ ಬಂದು ಕೊನೆಯ ಪರೀಕ್ಷೆ ತಪ್ಪಿತು. 1880ರಲ್ಲಿ ಬರೆದು ಅತ್ಯುತ್ತಮ ಅಂಕ ತಗೊಂಡರು. (ಬ್ಯಾಕ್‌ಲಾಗ್ ಇರುವವರು ಗಮನಿಸಿ.)

ಅವರ ಗುರು ಕಾರ್ಲ್ ಫಾನ್ ಲಿಂಡೆ ಥರ್ಮೊಡೈನಾಮಿಕ್ಸ್ ಪಾಠ ಮಾಡುವಾಗ, ಉಗಿ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೇ ಒಂದು ಭಾಗವನ್ನೂ ಕೆಲಸಕ್ಕೆ ತಿರುಗಿಸಲ್ಲ ಅಂತ ಹೇಳಿದ್ದರು. ಅದು ಡೀಸೆಲ್ ತಲೆಯಲ್ಲಿ ಕೂತುಬಿಟ್ಟಿತು. ಗಾಳಿಯನ್ನು ಜೋರಾಗಿ ಒತ್ತಿದರೆ ಅದು ಕಾಯುತ್ತೆ, ಆಗ ಇಂಧನ ಬಿಟ್ಟರೆ ಸ್ಪಾರ್ಕ್ ಇಲ್ಲದೇ ಹೊತ್ತಿಕೊಳ್ಳುತ್ತೆ. 1893ರಲ್ಲಿ ಪೇಟೆಂಟ್ ಸಿಕ್ಕಿತು. ಎಂಜಿನ್ ಮಾತ್ರ ಇನ್ನೂ ಕಾಗದದ ಮೇಲಿತ್ತು.

ಅದೇ ವರ್ಷ ಆಗಸ್ಟ್ 10, ಆಗ್ಸ್‌ಬರ್ಗ್ ಕಾರ್ಖಾನೆ. ಎಂಜಿನನ್ನು ಕಾರ್ಖಾನೆಯ ಶಾಫ್ಟ್‌ನಿಂದ ತಿರುಗಿಸಿ ಇಂಧನ ಬಿಟ್ಟರು. ಹೊತ್ತಿಕೊಳ್ತು, ಒತ್ತಡ ಅಳೆಯುವ ಇಂಡಿಕೇಟರ್ ಸಿಡಿದು ಚೂರಾಯಿತು. 1894ರ ಫೆಬ್ರವರಿ 17ಕ್ಕೆ ಎಂಜಿನ್ ಮೊದಲ ಸಲ ತಾನೇ ಓಡಿತು, ಸುಮಾರು ಒಂದು ನಿಮಿಷ, ಲೋಡ್ ಇಲ್ಲದೆ. ಡೀಸೆಲ್ ಅಲ್ಲಿಗೆ ಗೆದ್ದೆ ಅಂದುಕೊಳ್ಳಲಿಲ್ಲ. ಸರಿಯಾಗಿ ಮೂರು ವರ್ಷದ ನಂತರ, 1897ರ ಫೆಬ್ರವರಿ 17ರಂದು, ಹೊರಗಿನವರಾದ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಬಂದು, ಪೂರ್ತಿ ಲೋಡ್ ಕೊಟ್ಟು ಅಳೆದರು. ದಕ್ಷತೆ ಶೇ. 26.2. ಪ್ರಪಂಚ ನಂಬಿದ್ದು ಆಗ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ನಿಪುಣರ ಕೈಯಲ್ಲಿ ಪಾಸಾದ ಎಂಜಿನ್, ಮಾರಾಟವಾದ ಮೇಲೆ ಗಿರಾಕಿಗಳ ಕೈಯಲ್ಲಿ ಮತ್ತೆ ಮತ್ತೆ ಕೆಟ್ಟಿತು. ಅವಸರದಲ್ಲಿ ಮಾರಿದ್ದರ ಬೆಲೆ ಅದು. ಒತ್ತಡ ತಾಳಲಾರದೆ ಡೀಸೆಲ್ 1898ರಲ್ಲಿ ಹಾಸಿಗೆ ಹಿಡಿದರು. ಅಲ್ಲಿನ ಇಂಜಿನಿಯರ್‌ಗಳು ವರ್ಷಗಟ್ಟಲೆ ತಿದ್ದಿದ ಮೇಲೆಯೇ ಅದು ಭರವಸೆಯ ಯಂತ್ರ ಆಗಿದ್ದು. 1904ರ ಹೊತ್ತಿಗೆ ಕೀವ್ ನಗರದ ಟ್ರಾಮ್‌ಗಳಿಗೆ ಡೀಸೆಲ್ ಎಂಜಿನ್‌ಗಳೇ ಕರೆಂಟ್ ಕೊಡ್ತಿದ್ದವು. ಡೀಸೆಲ್ ಮಾತ್ರ ಸಾಲದಲ್ಲಿ ಮುಳುಗಿದ್ದರು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ಶವದ ಜೇಬಿನ ವಸ್ತುಗಳನ್ನು ಮಗ ಗುರುತಿಸಿದ.

ಹಿಮ ಬೀಳುವ ದೇಶಗಳಲ್ಲಿ ಬಿರುಗಾಳಿಗೆ ಮುಂಚೆ ಮನೆಯ ಜನರೇಟರ್ ಟೆಸ್ಟ್ ಮಾಡ್ತಾರೆ. ಚಳಿಗೆ ಡೀಸೆಲ್‌ನಲ್ಲಿ ಮೇಣ ಕಟ್ಟುತ್ತೆ, ಬ್ಯಾಟರಿ ಸೋಲುತ್ತೆ, ತಣ್ಣಗಿನ ಸಿಲಿಂಡರ್‌ನಲ್ಲಿ ಗಾಳಿ ಬೇಕಾದಷ್ಟು ಕಾಯಲ್ಲ. ಅದಕ್ಕೇ ಫ್ರಿಜ್, ಹೀಟರ್ ಎಲ್ಲ ಹಾಕಿ ನಿಜವಾದ ಲೋಡ್‌ನಲ್ಲೇ ಓಡಿಸಿ ನೋಡಬೇಕು. ನಮಗೆ ಹಿಮ ಇಲ್ಲ, ಮಳೆಗಾಲ ಇದೆ. ಈ ಸಲ ಜೂನ್‌ಗೆ ಮುಂಚೆ ನಾವೇ ವಾರ್ಡನ್ ಸರ್ ಹತ್ರ ಹೋಗಿ ಕೇಳ್ತೀವಿ: ಸರ್, ಲೋಡ್ ಹಾಕಿ ಒಂದು ಸಲ ಓಡಿಸೋಣ್ವಾ?