ಇಬ್ನ್ ಬತೂತ: ಒಂಟೆ ಹೊತ್ತದ್ದು, ಮನುಷ್ಯ ಹೊತ್ತದ್ದು

ನಮ್ಮ ಕರಾವಳಿಯ ಹಳೇ ಮುಸ್ಲಿಂ ಬದುಕಿನ ಮಾತು ಬಂದಾಗ ಇಬ್ನ್ ಬತೂತರ ಹೆಸರು ಬಂದೇ ಬರುತ್ತದೆ. ಆ ಕಾಲದಲ್ಲೇ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರು ಅಂತ ಬರೆಸಿಟ್ಟವರು ಅವರು. ಹಡಗಿನಲ್ಲಿ ಬಂದವರು ಅಂತಲೇ ನಾವು ಅವರನ್ನು ನೆನೆಯುತ್ತೇವೆ. ಆದರೆ ಅವರ ಸಂಚಾರದ ಆರಂಭದಲ್ಲೂ ಕೊನೆಯಲ್ಲೂ ಇರುವುದು ಒಂಟೆ. ನಡುವೆ ಒಂದು ಕಡೆ ನಮ್ಮ ಕೊಪ್ಪಳ ಜಿಲ್ಲೆಯ ಕಥೆಯೂ ಇದೆ.

ಹುಟ್ಟಿದ್ದು 1304ರಲ್ಲಿ, ಮೊರೊಕ್ಕೊದ ತಾಂಜಿಯರ್‌ನಲ್ಲಿ. ಖಾಝಿಗಳ ಮನೆತನ. 1325ರಲ್ಲಿ, 21ರ ಹರೆಯದಲ್ಲಿ, ತಂದೆ ತಾಯಿಯನ್ನು ಬಿಟ್ಟು ಒಬ್ಬರೇ ಹಜ್‌ಗೆ ಹೊರಟರು. ಮರುವರ್ಷ ಡಮಾಸ್ಕಸ್‌ನಿಂದ ಹಜ್ ಕಾಫಿಲಾ ಸೇರಿದರು. ತಬೂಕ್‌ನಲ್ಲಿ ಕಾಫಿಲಾ ನಾಲ್ಕು ದಿನ ತಂಗಿತು. ಮುಂದಿನ ಮರುಭೂಮಿಗೆ ಹೆದರಿ ಒಂಟೆಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಚರ್ಮದ ಚೀಲಗಳಲ್ಲಿ ನೀರು ತುಂಬಿಸಿಕೊಂಡು, ಹಗಲು ರಾತ್ರಿ ಎನ್ನದೆ ಓಡುವುದು ಅಲ್ಲಿನ ರೂಢಿ.

ಹಜ್ ಮುಗಿಸಿ ಇರಾಕಿಗೆ ಹೊರಟ ಕಾಫಿಲಾದಲ್ಲಿ ಅವರು ಕಂಡದ್ದು ಮನಸ್ಸಿಗೆ ತಟ್ಟುವಂಥದ್ದು. ಬಡ ಯಾತ್ರಿಕರಿಗೆ ನೀರು ಹೊರಲು ಬೇರೆಯೇ ಒಂಟೆಗಳು. ದಾನದ ಆಹಾರ ಹೊರಲು, ಕಾಯಿಲೆಯವರಿಗೆ ಔಷಧ, ಸಕ್ಕರೆ ಹೊರಲು ಇನ್ನಷ್ಟು ಒಂಟೆಗಳು. ನಡೆಯಲಾರದವರನ್ನು ಕೂರಿಸಿಕೊಳ್ಳಲು ಬರಿಬೆನ್ನಿನ ಒಂಟೆಗಳೂ ಇದ್ದವು. ತಂಗಿದಲ್ಲೆಲ್ಲ ದೊಡ್ಡ ಹಿತ್ತಾಳೆ ಹಂಡೆಗಳಲ್ಲಿ ಅಡುಗೆ. ರಾತ್ರಿ ಪಂಜುಗಳ ಬೆಳಕಿನಲ್ಲಿ ನಡಿಗೆ. ಆ ಕಾಫಿಲಾದಲ್ಲಿ ಬಡವನಿಗೂ ಪಾಲಿತ್ತು.

1333ರಲ್ಲಿ ಹಿಂದುಸ್ತಾನಕ್ಕೆ ಬಂದರು. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಖಾಝಿ ಮಾಡಿದ. ಅಲ್ಲಿ ಅವರಿಗೊಬ್ಬ ಗೆಳೆಯ ಸಿಕ್ಕಿದ. ಸುಲ್ತಾನ ಕುಡಿಯುವ ನೀರಿಗೆ ಮೊಹರು ಹಾಕುವ ಅಧಿಕಾರಿ, ಅಬೂ ಮುಸ್ಲಿಂ. ಈತ ಯಾರು ಅಂತೀರಿ? ನಮ್ಮ ಕಂಪಿಲಿ ರಾಜನ ಮಗ!

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಕೆಲಸ, ವ್ಯಾಪಾರ ಅಂತ ಇರುವ ನಮ್ಮವರಿಗೆ ಕುಮ್ಮಟದುರ್ಗದ ಹೆಸರು ಗೊತ್ತಿರಬಹುದು. ಕುಮಾರರಾಮನ ಕಥೆಯ ಕೋಟೆ ಅದು. ಸುಲ್ತಾನನ ವಿರುದ್ಧ ದಂಗೆ ಎದ್ದ ಅವನದೇ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಬಂದು ಕಂಪಿಲಿ ರಾಜನ ಮರೆ ಹೊಕ್ಕ. ರಾಜ ಅವನನ್ನು ಹಿಡಿದುಕೊಡಲಿಲ್ಲ. ದಿಲ್ಲಿಯ ಸೈನ್ಯ ಮುತ್ತಿ ದವಸ ಮುಗಿದಾಗ ಅತಿಥಿಯನ್ನು ಬೇರೆ ರಾಜನಲ್ಲಿಗೆ ಕಳಿಸಿ, ತಾನು ಹೋರಾಡಿ ಸತ್ತ. ಇದು 1327ರ ಸುಮಾರಿನ ಮಾತು. ಸೆರೆಸಿಕ್ಕ ಮಕ್ಕಳು ದಿಲ್ಲಿಯಲ್ಲಿ ಮುಸ್ಲಿಮರಾದರು; ತಂದೆಯ ದೊಡ್ಡತನ ನೋಡಿ ಸುಲ್ತಾನ ಅವರಿಗೆ ಪದವಿ ಕೊಟ್ಟ. ಅವರಲ್ಲಿ ಮೂವರನ್ನು ಇಬ್ನ್ ಬತೂತ ಕಂಡಿದ್ದಾರೆ. ತನ್ನ ಧರ್ಮದವನಲ್ಲದ ಅತಿಥಿಗಾಗಿ ರಾಜ್ಯವನ್ನೇ ಕೊಟ್ಟ ರಾಜನ ಕಥೆ, ಹೀಗೆ ಅರಬಿ ಪುಸ್ತಕ ಸೇರಿತು.

ಆ ಸೀಮೆಯಲ್ಲಿ ಹೊರೆ ಹೊರುತ್ತಿದ್ದದ್ದು ಹೆಚ್ಚಾಗಿ ಹೇರೆತ್ತು. ಆದರೂ ಒಂಟೆ ಅಲ್ಲಿಗೆ ಅಪರಿಚಿತವಲ್ಲ. ಆನೆಗೊಂದಿಯಿಂದ ಹೊಳೆ ದಾಟಿದರೆ ಸಿಗುವ ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಒಂಟೆಯ ಕೆತ್ತನೆ ಇವತ್ತಿಗೂ ಇದೆ.

1342ರ ಹೊತ್ತಿಗೆ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಇಬ್ನ್ ಬತೂತ ಹೊನ್ನಾವರ, ಬಾರ್ಕೂರು ದಾಟಿ ಮಂಗಳೂರಿಗೆ ಬಂದರು. ಇಲ್ಲಿ ಯಮನ್, ಫಾರ್ಸ್‌ನ ವರ್ತಕರಿದ್ದರು. ಶಾಫಿ ಮದ್‌ಹಬಿನ ಖಾಝಿ ಬದ್ರುದ್ದೀನ್ ಹಡಗಿಗೇ ಬಂದು ಕರೆದರು. ಮೂರು ದಿನ ಆತಿಥ್ಯ. ಮಲಬಾರ್ ತೀರದಲ್ಲಿ ಸರಕೆಲ್ಲ ಮನುಷ್ಯರ ಹೆಗಲ ಮೇಲೆ ಹೋಗುವುದನ್ನು ಅವರು ಗಮನಿಸಿದರು. ಒಬ್ಬೊಬ್ಬ ವರ್ತಕನ ಹಿಂದೆ ನೂರರಷ್ಟು ಹಮಾಲರು! ಬ್ಯಾರ ಅಂದರೆ ವ್ಯಾಪಾರ ಅಂತ ಹೆಮ್ಮೆಯಿಂದ ಹೇಳುವ ನಾವು, ಆ ಹೆಗಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಊರಿಗೆ ಮರಳಿದ ಮೇಲೂ ಸುಮ್ಮನೆ ಕೂರಲಿಲ್ಲ. ಸಿಜಿಲ್‌ಮಾಸಾದಲ್ಲಿ ಒಂಟೆಗಳನ್ನೂ ನಾಲ್ಕು ತಿಂಗಳ ಮೇವನ್ನೂ ಕೊಂಡು, 1352ರಲ್ಲಿ ಸಹಾರಾ ಮರುಭೂಮಿಗೆ ಇಳಿದರು. 25 ದಿನ ನಡೆದಾಗ ತಘಾಝಾ ಎಂಬ ಊರು. ಮನೆಗಳೂ ಮಸೀದಿಯೂ ಉಪ್ಪಿನ ಗಟ್ಟಿಗಳವು, ಮೇಲೆ ಒಂಟೆ ಚರ್ಮದ ಛಾವಣಿ. ಒಂದು ಮರವಿಲ್ಲ. ಗುಲಾಮರು ಅಗೆದ ಉಪ್ಪಿನ ಎರಡು ಹಲಗೆ ಒಂದು ಒಂಟೆಗೆ ಹೊರೆ. ವಲಾತಾದಲ್ಲಿ ಆ ಹೊರೆಗೆ 8ರಿಂದ 10 ಮಿಸ್ಕಾಲ್ ಚಿನ್ನ, ಮಾಲಿಯ ಪೇಟೆಯಲ್ಲಿ 20ರಿಂದ 30. ಮುಂದೆ ಹತ್ತು ದಿನದ ದಾರಿಯಲ್ಲಿ ನೀರೇ ಸಿಗದು ಅಂತ ಹೆಸರು. ದಾರಿ ತೋರಿಸಿದವನ ಒಂದು ಕಣ್ಣು ಹೋಗಿತ್ತು, ಇನ್ನೊಂದಕ್ಕೆ ರೋಗ. ಆದರೂ ದಾರಿ ಅವನಷ್ಟು ಬಲ್ಲವರಿಲ್ಲ. ಜಗಳವಾಡಿ ಹಿಂದುಳಿದ ಒಬ್ಬ ಮರಳಲ್ಲಿ ಕಳೆದೇ ಹೋದ. ಅಂದಿನಿಂದ ಇಬ್ನ್ ಬತೂತ ಕಾಫಿಲಾದ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ.

1353ರಲ್ಲಿ ತಕದ್ದಾದಿಂದ ಮರಳುವಾಗ ಅವರಿದ್ದ ಕಾಫಿಲಾದಲ್ಲಿ 600 ಗುಲಾಮ ಹೆಣ್ಣುಮಕ್ಕಳಿದ್ದರು. ಇದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ತಾವೂ ಗುಲಾಮರನ್ನು ಇಟ್ಟುಕೊಂಡವರೇ. ಕಾಲವೇ ಹಾಗಿತ್ತು ಅಂತ ನಾವು ದಾಟಿಬಿಡಬಹುದು. ಆದರೆ ಗುಲಾಮರ ಬಿಡುಗಡೆಯನ್ನು ದೊಡ್ಡ ಪುಣ್ಯವೆಂದ ದೀನ್ ನಮ್ಮದು. ಒಂದು ಮರುಭೂಮಿಯ ಕಾಫಿಲಾದಲ್ಲಿ ಬಡವನಿಗೆ ನೀರು ಹೊತ್ತ ಒಂಟೆ, ಇನ್ನೊಂದರಲ್ಲಿ ಮಾರಾಟಕ್ಕೆ ಹೊರಟ ಮನುಷ್ಯರು. ಎರಡನ್ನೂ ಕಂಡ ಕಣ್ಣು ಒಂದೇ.

ಮೊರೊಕ್ಕೊದ ಸುಲ್ತಾನನ ಅಪ್ಪಣೆಯಂತೆ ಅವರು ಹೇಳಿದ್ದನ್ನು ಇಬ್ನ್ ಜುಝೈ ಬರೆದುಕೊಂಡರು. 1355ರಲ್ಲಿ ಪುಸ್ತಕ ಮುಗಿಯಿತು. ಆಮೇಲೆ ಖಾಝಿಯಾಗಿದ್ದು 1368ರ ಸುಮಾರಿಗೆ ತೀರಿಕೊಂಡರು. ಆ ಪುಸ್ತಕದಲ್ಲಿ ಮಂಗಳೂರಿನ ಖಾಝಿಯ ಹೆಸರಿದೆ, ಕಂಪಿಲಿಯ ರಾಜಕುಮಾರನ ಹೆಸರಿದೆ. ಉಪ್ಪು ಅಗೆದವರ, ಹೆಗಲು ಕೊಟ್ಟವರ, ಆ 600 ಹೆಣ್ಣುಮಕ್ಕಳ ಹೆಸರಿಲ್ಲ. ನಮ್ಮ ಮಕ್ಕಳಿಗೆ ಇಬ್ನ್ ಬತೂತರ ಕಥೆ ಹೇಳುವಾಗ ಇವರನ್ನೂ ಸೇರಿಸಿಯೇ ಹೇಳೋಣ.