ಸೋಲುವ ಹುಡುಗನನ್ನು ಬರೆದವರು

ನಾಲ್ಕನೇ ಸೆಮಿಸ್ಟರ್ ರಿಸಲ್ಟ್ ಬಂದ ದಿನ. ಎರಡು ಸಬ್ಜೆಕ್ಟ್ ಬ್ಯಾಕ್. ಮನೆಗೆ ಹೇಳಲು ಧೈರ್ಯ ಬರದೆ ಊಟ ಬಿಟ್ಟು ಕೂತಿದ್ದೆ. ರೂಮ್‌ಮೇಟ್ ಲ್ಯಾಪ್‌ಟಾಪ್‌ನಲ್ಲಿ ಹಳೆಯದೊಂದು ಕಾರ್ಟೂನ್ ಹಾಕಿದ: ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’. ಯಾರಿಗೂ ಬೇಡವಾದ ಬಡಕಲು ಕ್ರಿಸ್‌ಮಸ್ ಗಿಡ ತಂದು ನಗೆಪಾಟಲಾಗುವ ಹುಡುಗನ ಕಥೆ. ಕೊನೆಗೆ ನಕ್ಕವರೇ ಅದನ್ನು ಸಿಂಗರಿಸುತ್ತಾರೆ. ಇವನನ್ನು ಸೃಷ್ಟಿಸಿದವರು ಯಾರೆಂದು ಹುಡುಕಿದೆ.

ಚಾರ್ಲ್ಸ್ ಶುಲ್ಜ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ತಂದೆಯದು ಕ್ಷೌರದಂಗಡಿ. ಹೈಸ್ಕೂಲಿನ ವಾರ್ಷಿಕ ಸಂಚಿಕೆಗೆ ಕೊಟ್ಟ ಚಿತ್ರಗಳು ಅಚ್ಚಾಗಲಿಲ್ಲ. ಚಿತ್ರಕಲೆ ಕಲಿತದ್ದು ಅಂಚೆ ಮೂಲಕ. 1943ರಲ್ಲಿ, ಸೇನೆಗೆ ಸೇರಿದ ಹೊತ್ತಿಗೇ, ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಯುದ್ಧದ ನಂತರ, ತಾವು ಕಲಿತ ಅಂಚೆ ಶಿಕ್ಷಣ ಸಂಸ್ಥೆಯಲ್ಲೇ ಬೋಧಕರಾದರು. 1950ರ ಅಕ್ಟೋಬರ್ 2ರಂದು ಅವರ ‘ಪೀನಟ್ಸ್’ ಕಾಮಿಕ್ ಸ್ಟ್ರಿಪ್ ಏಳೇ ಪತ್ರಿಕೆಗಳಲ್ಲಿ ಶುರುವಾಯಿತು.

1965ರಲ್ಲಿ ಅದು ಟಿ.ವಿ.ಗೆ ಬಂತು. ಪಾತ್ರಗಳಿಗೆ ಮಕ್ಕಳದೇ ಧ್ವನಿ, ಹಿನ್ನೆಲೆಯಲ್ಲಿ ಜಾಝ್ ಸಂಗೀತ. ರೆಕಾರ್ಡ್ ಮಾಡಿದ ನಗು ಬೇಡವೇ ಬೇಡ ಎಂದು ಶುಲ್ಜ್ ಹಟ ಹಿಡಿದರು. ಸಿಬಿಎಸ್ ವಾಹಿನಿಯ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಆದರೆ ಡಿಸೆಂಬರ್ 9ರಂದು, ಆ ಹೊತ್ತು ಟಿ.ವಿ. ನೋಡುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅದನ್ನೇ ನೋಡಿದರು. ಎಮ್ಮಿ ಪ್ರಶಸ್ತಿಯೂ ಬಂತು.

ಸುಮಾರು 50 ವರ್ಷ ಶುಲ್ಜ್ ಸ್ಟ್ರಿಪ್ಪನ್ನು ತಾವೇ ಬರೆದು, ತಾವೇ ಚಿತ್ರಿಸಿದರು. 2000ದ ಫೆಬ್ರುವರಿ 12ರಂದು ನಿಧನರಾದರು. ಮರುದಿನದ ಪತ್ರಿಕೆಗಳಲ್ಲಿ ಅವರ ಕೊನೆಯ ಸ್ಟ್ರಿಪ್ ಇತ್ತು.

ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಬ್ಯಾಕ್ ವಿಷಯ ಹೇಳಿಬಿಟ್ಟೆ. ಬೈದರು. ಆಮೇಲೆ ಊಟ ಆಯಿತಾ ಎಂದು ಕೇಳಿದರು. ಪರೀಕ್ಷೆ ಫೀ ಕಟ್ಟಿದ್ದೇನೆ, ಪುಸ್ತಕ ತೆರೆದಿದ್ದೇನೆ.