ಮನದ ಕತ್ತಲೆಯನ್ನು ದಾಟಿದ ಸಂತ ಇಗ್ನೇಷಿಯಸರು

ಪ್ರತಿವರ್ಷ ಜುಲೈ 31ರಂದು ಧರ್ಮಸಭೆಯು ಲೊಯೋಲದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತದೆ. ಯೇಸುಸಭೆಯ ಸ್ಥಾಪಕರೆಂದು ನಮ್ಮ ಕುಟುಂಬಗಳಿಗೆ ಅವರ ಹೆಸರು ಚಿರಪರಿಚಿತ. 1880ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಅವರ ಅನುಯಾಯಿಗಳ ಶ್ರಮದ ಫಲ. ಆದರೆ ಈ ಮಹಾಪುರುಷರು ಒಂದು ಕಾಲದಲ್ಲಿ ಬದುಕೇ ಬೇಡವೆನ್ನುವಷ್ಟು ಮನೋವ್ಯಥೆಗೆ ಗುರಿಯಾಗಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರು ಆ ವ್ಯಥೆಯನ್ನು ಮರೆಮಾಚಲಿಲ್ಲ. ಮುಪ್ಪಿನಲ್ಲಿ ತಮ್ಮ ಜೀವನವೃತ್ತಾಂತವನ್ನು ಸಂಗಡಿಗರೊಬ್ಬರಿಗೆ ಹೇಳಿ ಬರೆಸಿದಾಗ ಅದನ್ನೂ ಸೇರಿಸಿದರು. ಅವರ ಪವಾಡಗಳಿಗಿಂತಲೂ ಈ ನಿವೇದನೆಯೇ ಇಂದಿನ ನಮಗೆ ಹೆಚ್ಚು ಉಪಕಾರಿ ಎಂದು ನಾವು ಭಾವಿಸುತ್ತೇವೆ.

ಸ್ಪೇನ್ ದೇಶದ ಬಾಸ್ಕ್ ಪ್ರಾಂತದ ಲೊಯೋಲ ಎಂಬಲ್ಲಿ, ಗೌರವಸ್ಥ ಮನೆತನದಲ್ಲಿ, 1491ರಲ್ಲಿ ಅವರು ಜನಿಸಿದರು. ಸ್ನಾನದೀಕ್ಷೆಯ ಹೆಸರು ಇನಿಗೊ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲಕನಿಗೆ ಊರಿನ ಕಮ್ಮಾರನ ಪತ್ನಿ ಹಾಲೂಡಿಸಿ ಸಲಹಿದಳು. ಯೌವನದಲ್ಲಿ ಅರಮನೆಯ ಬೆಡಗು, ಕತ್ತಿವರಸೆ, ಕೀರ್ತಿಯ ಹಂಬಲ ಇವೇ ಅವರ ಸರ್ವಸ್ವವಾಗಿದ್ದವು. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫ್ರೆಂಚರ ಫಿರಂಗಿ ಗುಂಡು ಅವರ ಕಾಲನ್ನು ಮುರಿಯಿತು. ಮೂಳೆ ಸರಿಯಾಗಿ ಕೂಡದಿದ್ದಾಗ ಅದನ್ನು ಮತ್ತೆ ಮುರಿದು ಜೋಡಿಸಲಾಯಿತು. ಮಂಡಿಯ ಕೆಳಗೆ ಉಬ್ಬಿನಿಂತ ಮೂಳೆಯಿಂದ ಕಾಲಿನ ಅಂದ ಕೆಡುತ್ತದೆಂದು ಅದನ್ನೂ ಕೊಯ್ಯಿಸಿಕೊಂಡರು. ಅರಿವಳಿಕೆಯ ಔಷಧವಿಲ್ಲದ ಕಾಲವದು. ಇಷ್ಟಾದರೂ ಕುಂಟು ಜೀವಮಾನವಿಡೀ ಉಳಿಯಿತು.

ಹಾಸಿಗೆ ಹಿಡಿದ ಇನಿಗೊ ಕಾಲಕ್ಷೇಪಕ್ಕಾಗಿ ವೀರರ ಕತೆಗಳನ್ನು ಕೇಳಿದರು. ಮನೆಯಲ್ಲಿ ಅಂತಹ ಪುಸ್ತಕಗಳಿರಲಿಲ್ಲ. ದೊರೆತವು ಎರಡೇ: ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳು. ಓದುತ್ತ, ಕನಸು ಕಾಣುತ್ತ ಮಲಗಿದ್ದಾಗ ಅವರು ಒಂದು ಸಂಗತಿಯನ್ನು ಗಮನಿಸಿದರು. ಲೌಕಿಕ ವೈಭವದ ಯೋಚನೆಗಳು ಆ ಕ್ಷಣಕ್ಕೆ ಸಿಹಿಯಾಗಿದ್ದರೂ ಅನಂತರ ಮನಸ್ಸು ಬರಡಾಗುತ್ತಿತ್ತು. ಸಂತರಂತೆ ಬಾಳಬೇಕೆಂಬ ಯೋಚನೆಗಳಾದರೋ ಮುಗಿದ ಮೇಲೂ ಸಂತೋಷವನ್ನು ಉಳಿಸಿಹೋಗುತ್ತಿದ್ದವು. ಯಾವ ಯೋಚನೆ ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು ನೋಡುವ ಈ ಅಭ್ಯಾಸವೇ ಮುಂದೆ ಅವರ ಬೋಧನೆಯೆಲ್ಲಕ್ಕೂ ಬುನಾದಿಯಾಯಿತು.

1522ರ ಮಾರ್ಚ್ ತಿಂಗಳಲ್ಲಿ ಮೊಂಸೆರಾತ್ ಬೆಟ್ಟದ ಪುಣ್ಯಕ್ಷೇತ್ರದಲ್ಲಿ ಮೂರು ದಿನಗಳ ಕಾಲ ಪಾಪನಿವೇದನೆ ಮಾಡಿ, ತಮ್ಮ ಕತ್ತಿಯನ್ನು ಮಾತೆ ಮರಿಯಮ್ಮನವರಿಗೆ ಒಪ್ಪಿಸಿ, ಗೋಣಿಬಟ್ಟೆ ಉಟ್ಟು ಮನ್ರೇಸ ಎಂಬ ಊರಿಗೆ ಬಂದರು. ಅಲ್ಲಿ ಭಿಕ್ಷೆ ಬೇಡಿ ಉಣ್ಣುತ್ತ, ದಿನಕ್ಕೆ ಏಳು ತಾಸು ಪ್ರಾರ್ಥಿಸುತ್ತ, ಕೂದಲು ಉಗುರುಗಳನ್ನೂ ಕತ್ತರಿಸದೆ ಕಠೋರ ತಪಸ್ಸಿಗೆ ತೊಡಗಿದರು. ಮೊದಲ ಕೆಲವು ತಿಂಗಳು ಶಾಂತಿಯಿತ್ತು. ಬಳಿಕ ಪಾಪಶಂಕೆ ಅವರನ್ನು ಕವಿಯಿತು. ಹೇಳಿದ ಪಾಪಗಳನ್ನು ಸರಿಯಾಗಿ ಹೇಳಿಲ್ಲವೇನೋ ಎಂಬ ಅನುಮಾನ. ಮತ್ತೆ ನಿವೇದಿಸಿದರೂ ನೆಮ್ಮದಿಯಿಲ್ಲ. ಒಂದು ಶಂಕೆ ತೀರಿದರೆ ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಶಂಕೆ. ತಮ್ಮ ಪ್ರಾಣವನ್ನೇ ಕಳೆದುಕೊಳ್ಳಬೇಕೆಂಬ ಶೋಧನೆ ಆ ದಿನಗಳಲ್ಲಿ ಅವರನ್ನು ಮತ್ತೆ ಮತ್ತೆ ಕಾಡಿತು. ದೇವರು ಕರುಣಿಸುವವರೆಗೆ ಅನ್ನ ನೀರು ಮುಟ್ಟುವುದಿಲ್ಲವೆಂದು ವಾರವಿಡೀ ಉಪವಾಸ ಮಾಡಿದರು. ಶಂಕೆ ತೊಲಗಲಿಲ್ಲ.

ಬಿಡುಗಡೆ ಹೇಗಾಯಿತು? ಮೊದಲನೆಯದಾಗಿ, ಅವರು ಗುರುಗಳಿಗೆ ಉಪವಾಸದ ವಿಷಯ ತಿಳಿಸಿದರು. ಗುರುಗಳು ಅದನ್ನು ಮುರಿಯಲು ಆಜ್ಞಾಪಿಸಿದರು, ಇನಿಗೊ ವಿಧೇಯರಾದರು. ಎರಡು ದಿನ ಹಗುರವೆನಿಸಿ ಮೂರನೆಯ ದಿನ ಶಂಕೆ ಮರುಕಳಿಸಿತು. ಆಗ, ಲೊಯೋಲದಲ್ಲಿ ಕಲಿತಂತೆ, ಈ ಯೋಚನೆಗಳ ಜಾಡನ್ನು ಹಿಡಿದು ನೋಡಿದರು. ಪಶ್ಚಾತ್ತಾಪದ ವೇಷದಲ್ಲಿ ಬಂದ ಇವು ತಮ್ಮನ್ನು ದೇವರ ಬಳಿಗಲ್ಲ, ನಿರಾಶೆಗೆ ದೂಡುತ್ತಿವೆ ಎಂದು ಅರಿತರು. ಕಳೆದುಹೋದ ಪಾಪಗಳನ್ನು ಇನ್ನೆಂದೂ ಮತ್ತೆ ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದರು. ಆ ದಿನದಿಂದ ಪಾಪಶಂಕೆಯಿಂದ ಮುಕ್ತರಾದರು. ಕೂದಲು ಉಗುರು ಕತ್ತರಿಸಿಕೊಂಡರು. ಬಿಟ್ಟಿದ್ದ ಮಾಂಸಾಹಾರವನ್ನು ಮತ್ತೆ ಸ್ವೀಕರಿಸಿದರು. ಮಲಗುವ ಹೊತ್ತಿಗೇ ಬಂದು ನಿದ್ದೆಗೆಡಿಸುತ್ತಿದ್ದ ಭಕ್ತಿಭಾವನೆಗಳನ್ನು ಸಹ ಸಂಶಯದಿಂದ ಕಂಡು, ನಿದ್ರೆಗೆ ಮೀಸಲಾದ ಹೊತ್ತನ್ನು ನಿದ್ರೆಗೇ ಬಿಟ್ಟರು. ಅನ್ನ, ನಿದ್ದೆ, ಮಿತ ಇವು ಭಕ್ತಿಗೆ ವೈರಿಗಳಲ್ಲ ಎಂಬ ಪಾಠವನ್ನು ಅವರು ದುಬಾರಿ ಬೆಲೆ ತೆತ್ತು ಕಲಿತರು.

ಯೆರುಸಲೇಮಿಗೆ ಯಾತ್ರೆ ಹೋಗಿ ಅಲ್ಲಿಯೇ ನೆಲೆಸಬೇಕೆಂದಿದ್ದ ಅವರಿಗೆ 1523ರಲ್ಲಿ ಅಲ್ಲಿ ಉಳಿಯುವ ಅನುಮತಿ ದೊರೆಯಲಿಲ್ಲ. ಎದೆಗುಂದದೆ ಬಾರ್ಸೆಲೋನಕ್ಕೆ ಮರಳಿ, ಮೂವತ್ತು ದಾಟಿದ ವಯಸ್ಸಿನಲ್ಲಿ ಎಳೆಯ ಹುಡುಗರ ಜತೆ ಕುಳಿತು ಲತೀನ್ ವ್ಯಾಕರಣವನ್ನು ಕಲಿತರು. ಬೋಧನೆಯ ಬಗ್ಗೆ ಅನುಮಾನ ಹುಟ್ಟಿ ಅಲ್ಕಲಾದಲ್ಲಿ 42 ದಿನ, ಸಲಮಾಂಕದಲ್ಲಿ 22 ದಿನ ಸೆರೆವಾಸವನ್ನೂ ಅನುಭವಿಸಿದರು. ನಿರಪರಾಧಿಯೆಂದು ಹೊರಬಂದು 1528ರಲ್ಲಿ ಪ್ಯಾರಿಸ್ ಸೇರಿದರು.

ಪ್ಯಾರಿಸಿನಲ್ಲಿ ಅವರ ಕೋಣೆಯ ಜತೆಗಾರರು ಇಬ್ಬರು: ಮುಂದೆ 1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಜೇವಿಯರ್ ಮತ್ತು ಪೀಟರ್ ಫೇಬರ್. ಸವೋಯ್ ಬೆಟ್ಟಗಳಲ್ಲಿ ಕುರಿ ಕಾಯ್ದು ಬೆಳೆದ ಫೇಬರರನ್ನೂ ಅದೇ ಪಾಪಶಂಕೆ ಹಿಂಡುತ್ತಿತ್ತು. ಇನಿಗೊ ಅವರನ್ನು ಗದರಿಸಲಿಲ್ಲ, ಅವಸರಪಡಿಸಲೂ ಇಲ್ಲ. ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ಬಿಟ್ಟು, ಕ್ರಮವಾದ ಪಾಪನಿವೇದನೆ, ಪರಮಪ್ರಸಾದ ಮತ್ತು ದೈನಂದಿನ ಆತ್ಮಪರಿಶೀಲನೆಯ ದಾರಿ ತೋರಿಸಿ, ವರ್ಷಗಳ ಕಾಲ ತಾಳ್ಮೆಯಿಂದ ಜತೆಗಿದ್ದರು. ಗಾಯಗೊಂಡವನೇ ಗಾಯವನ್ನು ಬಲ್ಲ. ಆ ಫೇಬರರನ್ನು ಪೋಪ್ ಫ್ರಾನ್ಸಿಸರು 2013ರಲ್ಲಿ ಸಂತರೆಂದು ಘೋಷಿಸಿದರು.

ತಮ್ಮ ಅನುಭವವನ್ನು ಇಗ್ನೇಷಿಯಸರು ಆಧ್ಯಾತ್ಮಿಕ ಸಾಧನೆಗಳು ಎಂಬ ಕಿರುಹೊತ್ತಗೆಯಲ್ಲಿ ನಿಯಮಗಳಾಗಿ ಕೊಟ್ಟರು. ಪೋಪ್ ಮೂರನೆಯ ಪೌಲರು 1548ರಲ್ಲಿ ಅದಕ್ಕೆ ಒಪ್ಪಿಗೆ ನೀಡಿದರು. ಅವುಗಳಲ್ಲಿ ಕೆಲವನ್ನು ಪ್ರತಿಯೊಂದು ಮನೆಯೂ ಅರಿತಿರಬೇಕು. ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು. ಈ ಕತ್ತಲೆ ಶಾಶ್ವತವಲ್ಲವೆಂದು ನೆನೆದು ತಾಳಿಕೊಳ್ಳಬೇಕು. ಸಂತೋಷದ ದಿನಗಳಲ್ಲಿ ಬರಲಿರುವ ಕಷ್ಟಕ್ಕೆ ಬಲ ಕೂಡಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನ ಪೀಡೆಯನ್ನು ಗುಟ್ಟಾಗಿಡಬಾರದು. ಗುಟ್ಟೇ ಅದರ ಶಕ್ತಿ, ವಿಶ್ವಾಸಾರ್ಹರೊಬ್ಬರಿಗೆ ಹೇಳಿದೊಡನೆ ಅದು ಅರ್ಧ ಸೋಲುತ್ತದೆ. ದಿನದ ಆತ್ಮಪರಿಶೀಲನೆಯನ್ನೂ ಅವರು ತಪ್ಪುಗಳ ಪಟ್ಟಿಯಿಂದಲ್ಲ, ಪಡೆದ ವರಗಳಿಗೆ ಕೃತಜ್ಞತೆಯಿಂದಲೇ ಆರಂಭಿಸಿದರು.

ಯೇಸುಸಭೆಗೆ 1540ರಲ್ಲಿ ಮಾನ್ಯತೆ ದೊರೆಯಿತು. 1555ರಲ್ಲಿ, ಸಭೆಯ ಬಗ್ಗೆ ಒಲವಿಲ್ಲದವರೆಂದು ಅವರು ಬಲ್ಲ ಕಾರ್ಡಿನಲರೊಬ್ಬರು ನಾಲ್ಕನೆಯ ಪೌಲ್ ಎಂಬ ಹೆಸರಿನಲ್ಲಿ ಪೋಪ್ ಪದವಿಗೇರಿದ ಸುದ್ದಿ ಬಂದಾಗ ಇಗ್ನೇಷಿಯಸರ ಮೈ ನಡುಗಿತು. ಮೌನವಾಗಿ ಎದ್ದು ಪ್ರಾರ್ಥನಾಮಂದಿರಕ್ಕೆ ಹೋಗಿ, ಸ್ವಲ್ಪ ಹೊತ್ತಿನಲ್ಲೇ ಪ್ರಸನ್ನವದನರಾಗಿ ಹಿಂದಿರುಗಿದರು. ಮನೋಸ್ಥೈರ್ಯವೆಂದರೆ ನಡುಗದಿರುವುದಲ್ಲ, ನಡುಗಿದ ಮೇಲೆ ನೆಲೆಗೆ ಮರಳುವುದು. 1556ರ ಜುಲೈ 31ರಂದು ರೋಮಿನಲ್ಲಿ ಅವರು ದೈವಾಧೀನರಾದರು. 1622ರಲ್ಲಿ ಸಂತಪದವಿಗೆ ಏರಿಸಲ್ಪಟ್ಟರು.

ಇಂದಿನ ವೈದ್ಯಶಾಸ್ತ್ರವು ಇಂತಹ ಪಾಪಶಂಕೆಯನ್ನು ಅನೇಕ ವೇಳೆ ಗೀಳು ಕಾಯಿಲೆಯ ಒಂದು ರೂಪವೆಂದು ಗುರುತಿಸಿದೆ, ಅದಕ್ಕೆ ಚಿಕಿತ್ಸೆಯಿದೆ. ಆದುದರಿಂದ ಪ್ರಾರ್ಥನೆ ಮಾಡಿದರೆ ಸಾಕು, ವೈದ್ಯರೇಕೆ ಎಂದು ನಮ್ಮ ಮನೆಗಳಲ್ಲಿ ಯಾರೂ ಹೇಳದಿರಲಿ. ಪ್ರಾರ್ಥನೆಯೂ ಔಷಧವೂ ಒಬ್ಬನೇ ದೇವರ ಕೊಡುಗೆಗಳು. ಪರೀಕ್ಷೆಯಲ್ಲಿ ಸೋತ ಮಗ, ಮಾತು ಬಿಟ್ಟ ಮಗಳು, ಹೆರಿಗೆಯ ಬಳಿಕ ಬಾಡಿದ ಸೊಸೆ, ಕೆಲಸ ಕಳೆದುಕೊಂಡ ತಂದೆ ಇವರ ಮುಂದೆ ಬುದ್ಧಿವಾದಕ್ಕೆ ಮೊದಲು ಕಿವಿ ತೆರೆಯೋಣ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕನ್ನಡದಲ್ಲಿಯೂ ಉಚಿತವಾಗಿ ಕರೆ ಮಾಡಬಹುದು. ಹೀಗೆ ಮನೆಯವರನ್ನು ಕಳೆದುಕೊಂಡ ಕುಟುಂಬಗಳು ಅಗಲಿದವರ ಮುಕ್ತಿಯ ಬಗ್ಗೆ ನಿರಾಶರಾಗಬೇಕಿಲ್ಲವೆಂದು ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥವೇ ಬೋಧಿಸುತ್ತದೆ. ಈ ರಾತ್ರಿ ಜಪಸರದ ಪ್ರಾರ್ಥನೆಯ ಬಳಿಕ, ಮನೆಯ ಪ್ರತಿಯೊಬ್ಬರನ್ನೂ ದಿನ ಹೇಗೆ ಕಳೆಯಿತೆಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿರೋಣ. ಸಂತ ಇಗ್ನೇಷಿಯಸರಿಗೆ ಇದಕ್ಕಿಂತ ಮಿಗಿಲಾದ ಗೌರವವಿಲ್ಲ.